ಭಾಂಡೆ ಅಂಗಡಿಯವರು ಕೊಟ್ಟ ವಾಚು

ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದೆ. ಬಾಗಿಲಲ್ಲಿ ಯಾರೋ ಕೂಗಿದರು.

“ಕಂಪೌಂಡರ್ ಸಾಹೇಬ್ರು ಅದಾರೇನ್ರಿ?”

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರುವವರಲ್ಲಿ ಎರಡೇ ತರಹದ ಜನ. ಎಮ್ಮೆ ಈಯಲು ತ್ರಾಸು ಪಡುತ್ತಿದೆ ಎಂದು ಓಡಿ ಬಂದವರು, ಇಲ್ಲವೇ ಹಳೆಯ ವಾಚು ತಂದವರು. ಎಮ್ಮೆಯವರು ಹೊಸ್ತಿಲ ಹೊರಗೇ ನಿಲ್ಲುತ್ತಾರೆ, ದನಿಯಲ್ಲಿ ಅವಸರ ಇರುತ್ತದೆ. ಈ ದನಿಯಲ್ಲಿ ಅವಸರ ಇರಲಿಲ್ಲ, ಚಪ್ಪಲಿ ಬಿಡುವ ಸಪ್ಪಳವೂ ಕೇಳಿತು. ವಾಚಿನವರೇ ಎಂದುಕೊಂಡೆ. ಕೈಯ ಹಿಟ್ಟನ್ನು ಪರಾತಕ್ಕೆ ಉದುರಿಸಿ, ಸೆರಗು ಸರಿ ಮಾಡಿಕೊಂಡು ಹೊರಗೆ ಬರುವಷ್ಟರಲ್ಲಿ ರೊಟ್ಟಿಯ ಒಂದು ಮಗ್ಗಲು ಕರಿಕಾಗಿತ್ತು.

“ನಾ ಪರಸಪ್ಪ ಅಂತ್ರಿ ಅಕ್ಕಾರ, ಉಗರಗೋಳದಾಂವ. ದೇವಿ ಗುಡ್ಡಕ್ಕ ಹೋಗೋ ದಾರ್ಯಾಗ ನಮ್ದು ಭಂಡಾರ-ಕುಂಕುಮದ ಅಂಗಡಿ ಐತಿ. ಸಾಹೇಬ್ರಿಗೆ ನಮ್ಮ ಆಕಳದ ಪರಿಚಯ ಭಾಳ ಐತ್ರಿ, ನನ್ನ ಪರಿಚಯ ಕಡಿಮಿ.”

ಹಣೆಯ ತುಂಬ ಭಂಡಾರದ ಅರಿಷಿಣ ಹಚ್ಚಿಕೊಂಡಿದ್ದ. ಎಡಗೈಗೆ ಒಂದು ವಾಚು, ಬಲಗೈಗೆ ಇನ್ನೊಂದು. ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದ ನಮ್ಮ ಅತ್ತೆ ಸಿದ್ದಲಿಂಗವ್ವ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಏನಪಾ, ಎರಡೂ ಕೈಗೆ ಕಟ್ಕೊಂಡಿಯಲ್ಲ. ಒಂದರಾಗ ಹಗಲು, ಒಂದರಾಗ ರಾತ್ರ್ಯಾ?”

“ಒಂದು ಮುಂದ ಓಡತೈತ್ರಿ ಯವ್ವಾ, ಒಂದು ಹಿಂದ ಬೀಳತೈತಿ. ನಾ ನಡುವ ಇರತೇನ್ರಿ.”

“ನಮ್ಮ ಸಂಗಪ್ಪಗೂ ದೇವರು ಎರಡ ಕೈ ಕೊಟ್ಟಾನ, ಸಾಲವಲ್ಲವು. ಹೋಗು ಒಳಗ, ಕುಂತಾನ ನೋಡು, ಪೆಟ್ಟಿಗ್ಯಾಗಿನ ಕೂಸುಗಳ್ನ ಎಬ್ಬಸಾಕ್ಹತ್ಯಾನ.”

ಸಂಗಪ್ಪ ನನ್ನ ಯಜಮಾನರು, ಬೈಲಹೊಂಗಲದ ದನದ ದವಾಖಾನೆಯಲ್ಲಿ ಕಂಪೌಂಡರ್. ಪಡಸಾಲೆಯಲ್ಲಿ ಪೆಟ್ಟಿಗೆ ತೆರೆದುಕೊಂಡು ಕುಳಿತಿದ್ದರು. ಪಕ್ಕದಲ್ಲಿ ನಮ್ಮ ಮಗಳು ಗಂಗಾ, ಮೂರನೆಯ ಇಯತ್ತೆ, ಹಲ್ಲುಪುಡಿಯ ಗುರುತು ಇನ್ನೂ ತುಟಿಯ ಮೇಲಿತ್ತು.

ಆ ಪೆಟ್ಟಿಗೆ ಮೊದಲು ಲಸಿಕೆ ಬಾಟಲಿಗಳದು. ಬಿಳಿಯ ಥರ್ಮಾಕೋಲಿನಲ್ಲಿ ದುಂಡಗೆ ಕೊರೆದ ಖಾನೆಗಳು. ಬಾಟಲಿಗಳು ಮುಗಿದ ಮೇಲೆ ಇವರು ಅದನ್ನು ಮನೆಗೆ ತಂದು, ಒಂದೊಂದು ಖಾನೆಯಲ್ಲೂ ಅರಳೆ ಹಾಸಿ ವಾಚುಗಳನ್ನು ಮಲಗಿಸಿದ್ದರು. ಸೆಲ್ಲಿನ ವಾಚು ಬಂದ ಮೇಲೆ ಊರೂರಿನ ಜನ ಚಾವಿ ಕೊಡುವ ವಾಚುಗಳನ್ನು ಬಿಚ್ಚಿ ಟ್ರಂಕಿಗೆ ಎಸೆದಿದ್ದರು. ಇವರು ಎತ್ತಿಗೆ ಸೂಜಿ ಹಾಕಲು ಸಂಪಗಾಂವಕ್ಕೆ ಹೋದರೆ, ದೇಗಾಂವಕ್ಕೆ ಹೋದರೆ, ಕೆಲಸ ಮುಗಿಸಿ ಕೈ ತೊಳೆಯುತ್ತ ಒಂದು ಮಾತು ಕೇಳುವರು: “ಮನ್ಯಾಗ ಹಳೇ ವಾಚ್ ಏನರ ಐತೇನ್ರಿ?” ಕರು ಬದುಕಿದ ಸಂತೋಷದಲ್ಲಿ ಮನೆಯವರು ಟ್ರಂಕು ತಡಕಾಡಿ ಅಜ್ಜನದೋ ಕಾಕನದೋ ಒಂದು ವಾಚು ತಂದು ಅಂಗೈಯಲ್ಲಿ ಇಡುವರು. ಇವರು ಮನೆಗೆ ತಂದು ಬೆನ್ನು ತೆರೆದು, ಹಣಿಗೆಯ ಹಲ್ಲಿನಂಥ ಸಣ್ಣ ಚಕ್ರಗಳನ್ನು ಪೆಟ್ರೋಲಿನಲ್ಲಿ ತೊಳೆದು, ಎಣ್ಣೆಯ ಹನಿ ಬಿಟ್ಟು ಮತ್ತೆ ಓಡಿಸುವರು.

ಪ್ರತಿ ಮುಂಜಾನೆ ಸ್ನಾನವಾದ ಮೇಲೆ ಒಂದೊಂದನ್ನೇ ಎತ್ತಿ ಚಾವಿ ಕೊಡುತ್ತಾರೆ. ಆಮೇಲೆ ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಯಾವುದಾದರೂ ಕುಂಟುತ್ತಿದ್ದರೆ ಮುಖ ಸಣ್ಣದಾಗುತ್ತದೆ. ಎಲ್ಲ ಮುಗಿದ ಮೇಲೆ ಆ ದಿನದ ವಾಚನ್ನು ಆರಿಸಿ ಕೈಗೆ ಕಟ್ಟಿಕೊಳ್ಳುತ್ತಾರೆ. ಸೋಮವಾರ ಬಿಳಿಯ ಮುಖದ್ದು. ಹಳ್ಳಿಗೆ ಹೋಗುವ ದಿನ ದಪ್ಪನೆಯ ಜನತಾ. ಸಾಹೇಬರ ಎದುರು ನಿಲ್ಲಬೇಕಾದ ದಿನ ತೆಳ್ಳಗಿನ ಸೋನಾ. ಇವರು ಹೆಚ್ಚು ಮಾತಿನವರಲ್ಲ. ಇವತ್ತಿನ ದಿನ ಹೇಗಿದೆ ಎಂಬುದನ್ನು ನಾನು ಕೈಯ ವಾಚು ನೋಡಿ ತಿಳಿದುಕೊಳ್ಳುತ್ತೇನೆ.

ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಬೇಕು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ನನಗೆ ಜ್ವರ ಬಂದರೆ ತಾವೇ ಗಂಜಿ ಕಾಯಿಸುತ್ತಾರೆ. ಆದರೆ ವಾಚನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದಾಗ ಆ ಮುಖದಲ್ಲೊಂದು ಲಕ್ಷ್ಯ ಬರುತ್ತದಲ್ಲ, ಅದು ನನ್ನ ಕಡೆಗೆ ತಿರುಗಿದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನ ಇವರು ದವಾಖಾನೆಗೆ, ಗಂಗಾ ಸಾಲೆಗೆ ಹೋದ ಮೇಲೆ, ಅತ್ತೆ ಮಲಗಿದ ಮೇಲೆ, ಕಪಾಟಿನೊಳಗಿನ ಪೆಟ್ಟಿಗೆಯಿಂದ ಜೋಳದ ಚೀಲದಲ್ಲಿ ಹುಳು ಆಡಿದಂಥ ಸಪ್ಪಳ ಬರುತ್ತದೆ. ನಾನು ಅಕ್ಕಿ ಹಸನು ಮಾಡುತ್ತ ಅದನ್ನು ಕೇಳುತ್ತಿರುತ್ತೇನೆ. ಎಲ್ಲವೂ ಓಡುತ್ತಿರುತ್ತವೆ, ಒಂದನ್ನು ಬಿಟ್ಟು.

ಆ ಒಂದು ವಾಚು ನನ್ನ ತವರಿನದು.

ನಮ್ಮಪ್ಪ ಮಹಾಂತಪ್ಪನದು ರಾಮದುರ್ಗದಲ್ಲಿ ಭಾಂಡೆ ಅಂಗಡಿ, ಪಾತ್ರೆಗಳ ವ್ಯಾಪಾರ. ಹೆಣ್ಣು ಕೊಡುವವರು ಅಳಿಯನಿಗೆ ವಾಚು-ಉಂಗುರ ಕೊಡುವುದು ನಮ್ಮ ಕಡೆಯ ಪದ್ಧತಿ. ಅಪ್ಪ ಹುಬ್ಬಳ್ಳಿಗೆ ಹೋಗಿ, ಅಂಗಡಿ ಅಂಗಡಿ ತಿರುಗಿ, ನೀಲಿ ಮುಖದ ಕಾಂಚನ ವಾಚು ತಂದ. ಆಗ ಮದುವೆಗೆ ಕಾಂಚನ ಎಂದರೆ ದೊಡ್ಡ ಮಾತು. ತಂದು ನನ್ನ ಕೈಗೇ ಮೊದಲು ಕಟ್ಟಿದ್ದ. “ನೋಡವಾ ರಾಜವ್ವಾ, ಚಾವಿ ಬೇಕಾಗಿಲ್ಲ ಇದಕ್ಕ, ಕೈ ಆಡಿದ್ರ ತಾನ ಓಡತೈತಿ” ಎಂದಿದ್ದ. ನನಗದು ಬಳೆಯ ಹಾಗೆ ಮೊಣಕೈವರೆಗೂ ಜಾರಿತ್ತು.

ಅಪ್ಪನ ಕೈಯಿಂದ ಹೆಸರಿಲ್ಲದ ವಸ್ತು ಯಾವುದೂ ಮನೆ ದಾಟಿ ಹೋದದ್ದಿಲ್ಲ. ಅಂಗಡಿಯಲ್ಲಿ ಹೆಸರು ಹೊಡೆಯುವ ಮಷೀನು ಇತ್ತು. ಕರ್ರೆಂದು ನಡುಗುವ ಸೂಜಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಕೊರೆಯುತ್ತಿತ್ತು. ನನ್ನ ಜೊತೆ ಕಳಿಸಬೇಕಾದ ತಂಬಿಗೆ, ಪರಾತ, ಸವಟುಗಳಿಗೆಲ್ಲ ತನ್ನ ಹೆಸರು ಕೊರೆದು ಮುಗಿಸಿದವನು ಅದೇ ಗುಂಗಿನಲ್ಲಿ ವಾಚನ್ನೂ ಬೋರಲು ಮಾಡಿ ಸೂಜಿ ಇಟ್ಟ. ಬೆನ್ನಿನ ಮುಚ್ಚಳ ಬಿಚ್ಚಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ತಂಬಿಗೆಯ ಹೊಟ್ಟೆಯಲ್ಲಿ ಏನಿರುತ್ತದೆ, ಬಿಚ್ಚುವುದಕ್ಕೆ? ‘ಮಹಾಂತಪ್ಪ, ರಾಮದುರ್ಗ, ಇವರಿಂದ ಅಳಿಯಂದಿರಿಗೆ’ ಎಂದು ಅಂದವಾಗಿ ಕೊರೆದು, ಉಫ್ ಎಂದು ಊದಿ, ಪಂಚೆಯ ತುದಿಯಿಂದ ಒರೆಸಿದ.

ಹಂದರದಲ್ಲಿ ಎಲ್ಲರ ಎದುರಿಗೆ ಅಳಿಯನ ಕೈಗೆ ಕಟ್ಟಿದ. ಅಕ್ಷತೆ ಬೀಳುವ ಹೊತ್ತಿಗೆ ಯಾರೋ ವೇಳೆ ಎಷ್ಟಾಯಿತು ಎಂದು ಕೇಳಿದರು. ಮದುಮಗನ ಕೈಯ ವಾಚು ನಿಂತುಹೋಗಿತ್ತು.

“ಬೀಗರ, ವಾಚೂ ಭಾಂಡೆ ಅಂಗಡೀದ ಏನ್ರಿ?” ಎಂದು ಇವರ ಸೋದರಮಾವ ಗಟ್ಟಿಯಾಗಿ ಕೇಳಿದರು. “ಒಂದ ತಂಬಿಗಿ ಕಟ್ಟಿದ್ರ ಹುಡಗ ನೀರರ ಕುಡೀತಿದ್ದ.”

ಹಂದರವೆಲ್ಲ ನಕ್ಕಿತು. ಅಪ್ಪನೂ ನಕ್ಕ, ನಗದೆ ಏನು ಮಾಡಬೇಕು. ಇವರು ಮಾತ್ರ ನಗಲಿಲ್ಲ. ಮೆಲ್ಲಗೆ ವಾಚು ಬಿಚ್ಚಿ ಜೇಬಿಗೆ ಇಟ್ಟುಕೊಂಡರು. ಬಾಸಿಂಗದ ಸಂದಿಯಿಂದ ನಾನು ಅದನ್ನು ನೋಡಿದೆ. ಇವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಆಗ ಇವರು ಕಿತ್ತೂರಿನ ದವಾಖಾನೆಯಲ್ಲಿದ್ದರು. ಸಂಸಾರ ಹೂಡಿದ ಮೊದಲ ತಿಂಗಳಲ್ಲೇ ವಾಚು ತೆಗೆದುಕೊಂಡು ಬೆಳಗಾವಿಗೆ ಹೋದರು. ರಿಪೇರಿಯವನು ಬೆನ್ನು ತೆಗೆದು ತೋರಿಸಿದ್ದನಂತೆ. ಸೂಜಿಯ ನಡುಕಕ್ಕೆ ಒಳಗಿನ ಕೂದಲೆಳೆಯಂಥ ಕಡ್ಡಿ ಮುರಿದಿತ್ತು. ಆ ದಿನ ವಾಚಿನ ಹೊಟ್ಟೆಯೊಳಗೆ ಇಣುಕಿ ನೋಡಿದವರು ಮತ್ತೆ ತಲೆ ಎತ್ತಲಿಲ್ಲ ಎನ್ನಬೇಕು. ಮುಂದಿನ ಸಲ ಸಂಬಳವಾದಾಗ ಇಕ್ಕಳ, ಭೂತಗನ್ನಡಿ ಮನೆಗೆ ಬಂದವು. ನಮ್ಮಪ್ಪನ ವಾಚು ಪೆಟ್ಟಿಗೆಯ ಕೊನೆಯ ಖಾನೆ ಸೇರಿತು. ಅದನ್ನು ಇವರು ಕೈಗೆ ಕಟ್ಟಲಿಲ್ಲ. ನಿಂತ ವಾಚು, ಹೇಗೆ ಕಟ್ಟುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಅಪ್ಪ ರಾಮದುರ್ಗದಿಂದ ಬಂದಾಗಲೆಲ್ಲ ಚಹಾದ ಬಸಿ ಹಿಡಿದುಕೊಂಡು ಅಳಿಯನ ಮಣಿಕಟ್ಟು ನೋಡುತ್ತಿದ್ದ. ಒಮ್ಮೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದ.

“ರಾಜವ್ವಾ, ಅಳಿಯಂದಿರು ನಮ್ಮ ವಾಚ್ ಕಟ್ಟೂದಿಲ್ಲೇನವಾ?”

“ದನದ ಕೆಲಸ ಅಪ್ಪಾ. ಹೊಲಸ ಆಕ್ಕೈತಂತ ಜತನ ಮಾಡಿ ಇಟ್ಟಾರ.”

“ಹೌದ ಹೌದು, ಇಡಬೇಕ ಅದನ್ನ” ಎಂದು ತಲೆಯಾಡಿಸಿದ. ನನ್ನ ಮಾತನ್ನು ನಂಬಿದನೋ ಇಲ್ಲವೋ. ಈಗ ಕೇಳಲು ಅವನಿಲ್ಲ. ದಿನಾ ಮುಸುರೆ ತಿಕ್ಕುವಾಗ ಒಂದೊಂದು ಪಾತ್ರೆಯ ಅಂಚಿನಲ್ಲೂ ಅವನ ಚುಕ್ಕಿ ಅಕ್ಷರಗಳು ಬೆರಳಿಗೆ ತಾಗುತ್ತವೆ. ಅವಕ್ಕೆ ಬೂದಿ ಹಚ್ಚುವಾಗ ಕೈ ತಾನೇ ಮೆಲ್ಲಗಾಗುತ್ತದೆ.

ಗಂಗಾ ಇದನ್ನೆಲ್ಲ ಯಾರ ಬಾಯಿಂದಲೂ ಪೂರ್ತಿ ಕೇಳಿದವಳಲ್ಲ. ಅಜ್ಜಿಯ ಚೇಷ್ಟೆಯ ಮಾತು, ನನ್ನ ಮೌನ, ಇವುಗಳಿಂದ ಹೆಕ್ಕಿ ಜೋಡಿಸಿಕೊಂಡಿದ್ದಾಳೆ. ದಿನಾ ಅಪ್ಪನ ಪಕ್ಕ ಕುಳಿತು ಖಾನೆಗಳ ಮೇಲೆ ಕಣ್ಣು ಓಡಿಸುತ್ತಾಳೆ, ಕೊನೆಯದಕ್ಕೆ ಬಂದು ನಿಲ್ಲುತ್ತಾಳೆ, ಆಮೇಲೆ ಅಡುಗೆಮನೆಯ ಬಾಗಿಲಲ್ಲಿರುವ ನನ್ನನ್ನು ನೋಡುತ್ತಾಳೆ. ತುಟಿ ಅಲ್ಲಾಡುತ್ತದೆ. “ಅಪ್ಪಾ, ಇದು...” ಎನ್ನುವಷ್ಟರಲ್ಲಿ ನಾನು ಕರೆಯುತ್ತೇನೆ. ಗಂಗಾ, ನೀರು ಕಾದಾವೇನ ನೋಡು. ಗಂಗಾ, ಹಿತ್ತಲದಾಗಿಂದ ಕರಿಬೇವು ತಾ. ಅವಳು ಎದ್ದು ಹೋಗುತ್ತಾಳೆ. ಅವಳ ಬಾಯಲ್ಲಿರುವುದು ನನ್ನ ಬಾಯಲ್ಲೂ ಇದೆ, ಅದಕ್ಕೇ ಕರೆಯುವುದು. ಕೇಳಿದ ಮೇಲೆ ಉತ್ತರ ಬರುತ್ತದೆ. ಉತ್ತರ ಬಂದ ಮೇಲೆ ಅದೇ ಮನೆಯಲ್ಲಿ ರೊಟ್ಟಿ ಬಡಿಯಬೇಕು.

ಪರಸಪ್ಪ ಪೆಟ್ಟಿಗೆಯ ಎದುರು ಚಕ್ಕಳಮಕ್ಕಳ ಹಾಕಿ ಕುಳಿತು, ಜೇಬಿನಿಂದ ಒಂದು ಕರವಸ್ತ್ರ ತೆಗೆದ. ಗಂಟು ಬಿಚ್ಚಿದರೆ ಹಳೆಯ ವೆಸ್ಟ್ ಎಂಡ್ ವಾಚು. ಮುಖ ಹಳದಿಯಾಗಿತ್ತು, ಅಂಕಿಗಳು ಮಾತ್ರ ಕಡು ಕಪ್ಪು. ಇವರ ಕೈ ತಾನೇ ಮುಂದೆ ಹೋಯಿತು. ಅಂಥದೊಂದಕ್ಕಾಗಿ ಇವರು ಸವದತ್ತಿಯ ಸಂತೆಯಲ್ಲಿ ಎಷ್ಟು ಸಲ ಬರಿಗೈಯಲ್ಲಿ ತಿರುಗಿ ಬಂದಿದ್ದಾರೆ ಎಂಬುದು ನನಗೆ ಗೊತ್ತು.

“ನಮ್ಮ ಕಾಕಾ ಮಿಲಿಟ್ರಿಯಿಂದ ಬರುವಾಗ ತಂದದ್ದು ಸಾಹೇಬ್ರ. ಸಾಯೂತನಕ ಕೈಯಾಗಿಂದ ಬಿಚ್ಚಲಿಲ್ಲ.”

ಇವರು ಕಿವಿಗೆ ಹಿಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತು ತೆರೆಯಲಿಲ್ಲ.

“ಚಲೋ ಉಸಿರ ಐತಿ” ಎಂದರು ಕೊನೆಗೆ. “ಕೊಡತೀರೇನು?”

“ಕೊಡಾಕ ಬಂದೇನ್ರಿ. ಖರೇ ನನಗೂ ಒಂದ ಬೇಕು.” ಪರಸಪ್ಪನ ಬೆರಳು ಖಾನೆಗಳ ಮೇಲೆ ಒಂದೊಂದಾಗಿ ಸರಿದು ಕೊನೆಯದಕ್ಕೆ ಬಂತು. “ಹೋದ ಸಲ ನೀವು ನಮ್ಮ ಆಕಳ ನೋಡಾಕ ಬಂದಾಗ ಮಾತಿನ್ಯಾಗ ಹೇಳಿದ್ರಲ್ಲ, ನೀಲಿ ಮುಖದ ಕಾಂಚನ ಐತಂತ. ಇದ ಏನ್ರಿ?”

ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವನು ಕಾಂಚನವನ್ನು ಎತ್ತಿ, ಮಗುವಿನ ಗಿಲಕಿಯ ಹಾಗೆ ಅತ್ತ ಇತ್ತ ನಾಲ್ಕು ಸಲ ಅಲುಗಾಡಿಸಿ ಅಂಗೈ ಮೇಲೆ ಇಟ್ಟುಕೊಂಡ. ಸೆಕೆಂಡಿನ ಮುಳ್ಳು ನಡೆಯತೊಡಗಿತು. ಎಲ್ಲೂ ತಡೆಯದೆ, ಅಂಗಳದಲ್ಲಿ ಇರುವೆ ನಡೆದ ಹಾಗೆ ಸಲೀಸಾಗಿ ನಡೆಯಿತು.

“ಭಾರಿ ಐತಲ್ರಿ. ರಿಪೇರಿ ಯಾವಾಗ ಮಾಡಿದ್ರಿ?”

“ಭಾಳ ದಿನ ಆತು” ಎಂದರು ಇವರು. “ಈ ಗಂಗಾ ಹುಟ್ಟೂಕಿಂತ ಮೊದಲ.”

“ಮತ್ತ ನಿಂತಿತ್ತಲ್ಲ?”

“ಇಟ್ಟಲ್ಲೇ ಇಟ್ರ ನಿಂದರತೈತಿ. ಮೈಮ್ಯಾಲ ಇದ್ರ ಓಡತೈತಿ. ಅದರ ಗುಣಾನ ಅದು.”

ತಾಟು ಕೆಳಗಿಟ್ಟೆ. ಕಪ್ಪುಗಳು ಒಂದಕ್ಕೊಂದು ತಾಗಿ ಸಪ್ಪಳವಾಯಿತು. ಇವರು ತಲೆ ಎತ್ತಿ ನೋಡಲಿಲ್ಲ. ಗಂಗಾ ನೋಡಿದಳು.

ಗಂಗಾ ಹುಟ್ಟುವುದಕ್ಕಿಂತ ಮೊದಲೇ ಅದು ಸರಿಯಾಗಿತ್ತು. ನಾನು ಬಸಿರಿದ್ದಾಗ ಅಪ್ಪ ಬುತ್ತಿ ಕಟ್ಟಿಸಿಕೊಂಡು ಬಂದಿದ್ದ, ಆಗಲೂ ಸರಿ ಇತ್ತು. ಅವನು ಬಸಿ ಹಿಡಿದು ಮಣಿಕಟ್ಟು ನೋಡುತ್ತ ಕುಳಿತಿದ್ದಾಗಲೂ ಸರಿ ಇತ್ತು. ನಾನು ಒಂದೇ ಒಂದು ನೆಪವನ್ನು ಇಷ್ಟು ವರ್ಷ ನೀರು ಹಾಕಿ ಬೆಳೆಸಿದ್ದೆ, ನಿಂತ ವಾಚು ಯಾರು ಕಟ್ಟುತ್ತಾರೆ ಎಂದು. ಅದು ಈಗ ಪರಸಪ್ಪನ ಅಂಗೈ ಮೇಲೆ ಓಡುತ್ತಿತ್ತು.

“ನನ್ನ ಹತ್ರ ಒಂದ ಕಾಂಚನ ಐತ್ರಿ” ಎಂದು ಪರಸಪ್ಪ ಬಸಿಗೆ ಚಹಾ ಸುರಿದುಕೊಂಡ. “ಒಳಗಿನ ಯಂತ್ರ ಗಟ್ಟಿ, ಮುಖ ಪೂರಾ ಹಾಳಾಗೇತಿ. ಇದರ ಮುಖ, ಮುಳ್ಳು, ಗಾಜು ತಗದು ಅದಕ್ಕ ಹಾಕಿಸಿಬಿಡತೇನಿ. ಪೂರಾ ಹೊಸಾದ ಆಕ್ಕೈತಿ. ನಿಮಗ ವೆಸ್ಟೆಂಡು, ನನಗ ಇದು. ಏನಂತೀರಿ?”

ಅವನು ವಾಚನ್ನು ಬೋರಲು ಮಾಡಿ ಬೆನ್ನಿನ ಚುಕ್ಕಿಗಳನ್ನು ಓದಿದ.

“ಓ, ಬೀಗರ ಹೆಸರ ಐತಿ. ಇದೇನ ತ್ರಾಸಿಲ್ರಿ, ಬೆನ್ನಿನ ಮುಚ್ಚಳ ನಿಮಗ ವಾಪಸ್ ಕೊಡತೇನಿ. ಹೆಸರ ನಿಮ್ಮ ಮನ್ಯಾಗ ಇರಲಿ.”

ಕಟ್ಟೆಯ ಮೇಲಿಂದ ಅತ್ತೆಯ ದನಿ ಬಂತು. “ಮುಚ್ಚಳ ತಗೊಂಡ ಏನ ಮಾಡೂದಪಾ, ಉಪ್ಪಿನಕಾಯಿ ಭರಣಿಗೆ ಹಾಕೂದೇನು?”

ಪರಸಪ್ಪ ನಕ್ಕ. ಇವರು ವೆಸ್ಟ್ ಎಂಡನ್ನು ಮತ್ತೆ ಕಿವಿಗೆ ಹಿಡಿದರು.

“ನೋಡೋಣು” ಎಂದರು. “ಮೊದಲ ಊಟ ಮಾಡ್ರಿ.”

ನಾನು ಒಳಗೆ ಬಂದು ಹಿಟ್ಟು ನಾದತೊಡಗಿದೆ. ಇವರ ‘ನೋಡೋಣು’ ನನಗೆ ಗೊತ್ತು. ಹಬ್ಬಕ್ಕೆ ತವರಿಗೆ ಹೋಗಿ ಬರಲೇ ಎಂದರೂ ನೋಡೋಣು, ಗಂಗಾಳಿಗೆ ಹೊಸ ಚೀಲ ಬೇಕೆಂದರೂ ನೋಡೋಣು. ಆಗುವುದಕ್ಕೂ ಅದೇ ಮಾತು, ಆಗದ್ದಕ್ಕೂ ಅದೇ. ಅತ್ತೆ ಮೊಣಕಾಲು ಹಿಡಿದುಕೊಂಡು ಒಳಗೆ ಬಂದು ಒಲೆಯ ಪಕ್ಕ ಕುಳಿತರು.

“ನೀ ಅರ ಒಂದ ಮಾತ ಅನ್ನಬಾರದೇನ? ನಿಮ್ಮಪ್ಪನ ಕೈಯಾಗಿಂದು ಅದು.”

“ಅದು ಅವರಿಗೆ ಕೊಟ್ಟದ್ದರಿ ಅತ್ತಿ. ಅವರ ವಾಚು.”

“ಹೌದವಾ” ಎಂದು ಅತ್ತೆ ಒಲೆಯ ಬೆಂಕಿ ನೋಡಿದರು. “ಕೊಟ್ಟ ಹೆಣ್ಣಿನ ಮ್ಯಾಲೇ ತವರಮನೀದು ಹಕ್ಕಿಲ್ಲ. ಕೊಟ್ಟ ವಾಚಿಂದೇನು.” ಒಂದು ಕಟ್ಟಿಗೆ ಮುಂದಕ್ಕೆ ಸರಿಸಿ, “ನನಗೂ ನಮ್ಮಪ್ಪ ಒಂದ ಹಿತ್ತಾಳಿ ದೀಪದ ಸಮೆ ಕೊಟ್ಟಿದ್ದ. ಎಲ್ಲಿ ಹೋತೋ ಏನೋ” ಎಂದರು. ಅವರು ರೊಟ್ಟಿ ಸುಟ್ಟರು, ನಾನು ಬಡಿದೆ.

ಊಟಕ್ಕೆ ಬಡಿಸಿದೆ. ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಗುರೆಳ್ಳು ಹಿಂಡಿ, ಮೊಸರು. ಪರಸಪ್ಪ ಗುಡ್ಡಕ್ಕೆ ಬರುವ ಜನರ ಕಥೆ ಹೇಳುತ್ತ ಉಂಡ. ಇವರು ಕೇಳಿಸಿಕೊಂಡರೋ ಇಲ್ಲವೋ, ಎಡಗೈ ಪಕ್ಕದಲ್ಲಿ ವೆಸ್ಟ್ ಎಂಡ್ ಇಟ್ಟುಕೊಂಡೇ ಉಂಡರು. ಗಂಗಾ ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ.

“ಯಾಕ ಕೂಸ, ಹಸಿವಿಲ್ಲೇನ?” ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಅವಳ ಕೈ ತೊಳೆಸಿ, ಬಾಯಿ ಒರೆಸಿದೆ. ನನ್ನ ಸೆರಗನ್ನು ಹಿಡಿದವಳು ಸ್ವಲ್ಪ ಹೊತ್ತು ಬಿಡಲಿಲ್ಲ. ಏನೋ ಹೇಳಿಕೊಡಲಿ ಎಂದು ಕಾಯುತ್ತಿದ್ದಂತೆ ಕಂಡಿತು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ ಬಿಟ್ಟೆ.

“ಬರತೇನ್ರಿ ಸಾಹೇಬ್ರ, ಸವದತ್ತಿ ಗಾಡಿ ಬರೂ ಹೊತ್ತಾತು” ಎಂದು ಪರಸಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ನಿಂತ. “ಏನ ಮಾಡೂಣ್ರಿ?”

ಇವರು ಪೆಟ್ಟಿಗೆಯ ಮುಂದೆ ಕುಳಿತರು. ಪರಸಪ್ಪನ ಕೈಯಲ್ಲಿ ಸಿಕ್ಕ ಆ ನಾಲ್ಕು ಅಲುಗಾಟಕ್ಕೆ ಕಾಂಚನ ಇನ್ನೂ ಓಡುತ್ತಿತ್ತು. ಅದನ್ನು ಎತ್ತಿಕೊಂಡು ಬೋರಲು ಮಾಡಿ ಹೆಬ್ಬೆರಳಿನಿಂದ ಬೆನ್ನನ್ನು ಒರೆಸಿದರು. ಆಮೇಲೆ ಖಾನೆಯೊಳಗಿನ ಅರಳೆಯನ್ನು ಎಳೆದು, ಅಗಲ ಮಾಡಿ, ತೊಡೆಯ ಮೇಲೆ ಹಾಸಿಕೊಂಡರು. ದೂರ ಹೋಗಬೇಕಾದ ವಾಚನ್ನು ಇವರು ಹಾಗೆಯೇ ಸುತ್ತುವುದು.

ಗಂಗಾ ಎಂದಿನಂತೆ ಪಕ್ಕದಲ್ಲೇ ಕುಳಿತಿದ್ದಳು. ಅರಳೆಯನ್ನು ನೋಡಿದಳು, ಖಾಲಿ ಖಾನೆಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ತುಟಿ ಅಲ್ಲಾಡಿತು.

ನನ್ನ ಕೈಯಲ್ಲಿ ಖಾಲಿ ತಂಬಿಗೆ ಇತ್ತು. ನೀರು ತಾ ಎಂದು ಕರೆಯಬಹುದಿತ್ತು. ಅವಳೂ ಅದಕ್ಕೇ ಕಾಯುತ್ತಿದ್ದಳು, ಏಳಲು ಒಂದು ಕೈ ನೆಲಕ್ಕೆ ಊರಿಯೂ ಇದ್ದಳು. ನಾನು ತಂಬಿಗೆಯನ್ನು ಕೆಳಗಿಟ್ಟು ಸುಮ್ಮನೆ ನಿಂತೆ.

ನಾನು ಕರೆಯುವುದಿಲ್ಲ ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನೆಲದ ಮೇಲಿನ ಕೈಯನ್ನು ತೆಗೆದು ಅಪ್ಪನ ಮೊಣಕಾಲ ಮೇಲೆ ಇಟ್ಟಳು.

“ಅಪ್ಪಾ,” ಎಂದಳು, “ಅಜ್ಜ ಕೊಟ್ಟ ವಾಚ್ ನೀ ಒಂದ ದಿನಾನೂ ಯಾಕ ಕಟ್ಕೊಂಡಿಲ್ಲ?”